ಬೆರ್ಸಿಯ ಟಾಟಾಮಿ ಮೇಲಿನ ನಾಲ್ಕು ನಿಮಿಷ

ಜೂಡೋ ಪಂದ್ಯ ನಾಲ್ಕು ನಿಮಿಷದ್ದು. ಎಷ್ಟೋ ಸಲ ನಲವತ್ತು ಸೆಕೆಂಡಿಗೇ ಮುಗಿದುಹೋಗುತ್ತದೆ. ಫೋನಿನಲ್ಲಿ ನೇರಪ್ರಸಾರ ನೋಡುತ್ತಿದ್ದವರು ಕಾಫಿ ಲೋಟ ಕೆಳಗಿಟ್ಟು ತಲೆ ಎತ್ತುವಷ್ಟರಲ್ಲಿ ಇಬ್ಬರೂ ಬಾಗಿ ವಂದಿಸಿ ಹೊರಟಿರುತ್ತಾರೆ. ಯಾರು ಗೆದ್ದರು ಎಂದು ಫಲಕ ಹೇಳುತ್ತದೆ, ಹೇಗೆ ಗೆದ್ದರು ಎಂದು ಹೇಳುವುದಿಲ್ಲ. ಅದಕ್ಕೆ ಉತ್ತರ ಹುಡುಕಬೇಕಾದದ್ದು ಹಿಂದಿನ ಸಂಜೆಯ ತಕ್ಕಡಿಯಲ್ಲಿ, ಅಂಗಿಯ ತೋಳಿನ ಉದ್ದದಲ್ಲಿ, ಡ್ರಾದಲ್ಲಿ ಮತ್ತು ಪಂದ್ಯದ ಮೊದಲ ಹತ್ತು ಸೆಕೆಂಡುಗಳ ಕೈಹಿಡಿತದಲ್ಲಿ. ಈ ಬರಹ ಅದರ ಬಗ್ಗೆ. ಉದಾಹರಣೆಗೆ ಪ್ಯಾರಿಸ್ ಗ್ರ್ಯಾಂಡ್ ಸ್ಲಾಮ್ ಕೂಟವನ್ನೇ ತೆಗೆದುಕೊಳ್ಳೋಣ.

ಪ್ಯಾರಿಸ್ ಕೂಟ ಶುರುವಾದದ್ದು 1971ರಲ್ಲಿ. ಅಂತರರಾಷ್ಟ್ರೀಯ ಜೂಡೋ ಫೆಡರೇಶನ್ ತನ್ನ ವರ್ಲ್ಡ್ ಟೂರ್ ಕಟ್ಟಿದಾಗ, 2009ರಲ್ಲಿ, ಇದಕ್ಕೆ ಗ್ರ್ಯಾಂಡ್ ಸ್ಲಾಮ್ ದರ್ಜೆ ಸಿಕ್ಕಿತು. ಈಗ ಪ್ಯಾರಿಸ್ಸಿನ ಬೆರ್ಸಿ ಬಡಾವಣೆಯ ದೊಡ್ಡ ಒಳಾಂಗಣದಲ್ಲಿ ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಶನಿವಾರ ಮತ್ತು ಭಾನುವಾರ ನಡೆಯುತ್ತದೆ. ಗಂಡಸರಿಗೆ ಏಳು ತೂಕದ ವಿಭಾಗ: 60, 66, 73, 81, 90, 100 ಕೆಜಿ ಒಳಗಿನವರು ಮತ್ತು 100 ಮೀರಿದವರು. ಹೆಂಗಸರಿಗೂ ಏಳು: 48, 52, 57, 63, 70, 78 ಕೆಜಿ ಒಳಗಿನವರು ಮತ್ತು 78 ಮೀರಿದವರು. ಹಗುರ ವಿಭಾಗಗಳು ಮೊದಲ ದಿನ, ಭಾರದವು ಎರಡನೇ ದಿನ. ಒಂದೇ ಟಾಟಾಮಿಯ, ಅಂದರೆ ಮ್ಯಾಟಿನ ಮೇಲೆ ಈ ಪಂದ್ಯ ಗಂಡಸರದು, ಮುಂದಿನದು ಹೆಂಗಸರದು ಎಂಬಂತೆ ಸಾಗುತ್ತದೆ. ಕಾಲಾವಧಿ, ನಿಯಮ, ಬಹುಮಾನದ ಹಣ, ಎಲ್ಲವೂ ಇಬ್ಬರಿಗೂ ಒಂದೇ.

ಇಷ್ಟು ಸಮಾನತೆ ಮೊದಲಿನಿಂದ ಇದ್ದದ್ದಲ್ಲ. ಗಂಡಸರ ಜೂಡೋ 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಬಂದರೆ, ಹೆಂಗಸರದು ಪದಕದ ಕ್ರೀಡೆಯಾಗಲು 1992ರ ಬಾರ್ಸಿಲೋನಾವರೆಗೆ ಕಾಯಬೇಕಾಯಿತು. ಹೆಂಗಸರ ಮೊದಲ ವಿಶ್ವ ಚಾಂಪಿಯನ್‌ಶಿಪ್ 1980ರಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು. ಅದಕ್ಕಾಗಿ ಅಮೆರಿಕದ ಜೂಡೋ ಆಟಗಾರ್ತಿ ರಸ್ಟಿ ಕನೊಕೊಗಿ ತಮ್ಮ ಮನೆಯನ್ನೇ ಅಡವಿಟ್ಟರು. ಅದೇ ಕನೊಕೊಗಿ 1959ರಲ್ಲಿ ಗಂಡು ವೇಷದಲ್ಲಿ ಸ್ಪರ್ಧಿಸಿ ಗೆದ್ದ ಪದಕವನ್ನು, ಹೆಣ್ಣೆಂದು ಗೊತ್ತಾದ ಮೇಲೆ ಹಿಂದಿರುಗಿಸಬೇಕಾಗಿ ಬಂದಿತ್ತು. ಇಬ್ಬರಿಗೂ ಒಂದೇ ಕಡೆ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1987ರಲ್ಲಿ, ಜರ್ಮನಿಯ ಎಸೆನ್‌ನಲ್ಲಿ. 2016ರ ಕೊನೆಯವರೆಗೂ ಗಂಡಸರ ಪಂದ್ಯ 5 ನಿಮಿಷ, ಹೆಂಗಸರದು 4 ನಿಮಿಷ ಇತ್ತು. 2017ರಿಂದ ಎಲ್ಲರಿಗೂ 4. ಈ ಬದಲಾವಣೆ ಕಾಗದದ ಮೇಲೆ ಸಣ್ಣದಾಗಿ ಕಂಡರೂ ನನಗೆ ಬಹಳ ದೊಡ್ಡದು. ಒಂದೇ ಗಡಿಯಾರದ ಮುಂದೆ ಇಬ್ಬರನ್ನೂ ನಿಲ್ಲಿಸಿದ ಮೇಲೆ "ಹೆಂಗಸರ ಜೂಡೋ" ಎಂದು ಬೇರೆ ಅಳತೆಗೋಲು ಹಿಡಿಯಲು ಕಾರಣವೇ ಉಳಿಯಲಿಲ್ಲ.

ಈಗ ತಕ್ಕಡಿಗೆ ಬರೋಣ. ತೂಕ ನೋಡುವುದು ಪಂದ್ಯದ ಹಿಂದಿನ ಸಂಜೆ. ಅಧಿಕೃತ ತೂಕಕ್ಕೆ ಮುಂಚೆ ಅದೇ ತಕ್ಕಡಿಯಲ್ಲಿ ಎಷ್ಟು ಸಲ ಬೇಕಾದರೂ ನೋಡಿಕೊಳ್ಳಬಹುದು, ಅಧಿಕೃತ ಸಮಯದಲ್ಲಿ ಮಾತ್ರ ಒಂದೇ ಸಲ ಹತ್ತಲು ಅವಕಾಶ. ಒಳಉಡುಪಿಗೆಂದು 100 ಗ್ರಾಂ ರಿಯಾಯಿತಿ ಇದೆ, ಅದರಾಚೆ ದಯೆ ಇಲ್ಲ. ತೂಕ ಮೀರಿದರೆ ಬಂದ ದಾರಿಗೆ ಸುಂಕವಿಲ್ಲ. ವಿಮಾನದ ಖರ್ಚು, ವೀಸಾ, ತಿಂಗಳುಗಳ ಅಭ್ಯಾಸ ಎಲ್ಲ ಅಲ್ಲಿಗೇ ಮುಗಿಯಿತು.

ತೂಕ ಕೊಟ್ಟ ಮೇಲೂ ಆಟ ಮುಗಿಯುವುದಿಲ್ಲ. ಮರುದಿನ ಬೆಳಿಗ್ಗೆ ಮೊದಲ ಪಂದ್ಯಗಳಿಗೆ ಮುಂಚೆ ಪ್ರತಿ ವಿಭಾಗದಿಂದ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಮತ್ತೆ ತೂಗುತ್ತಾರೆ. ಆಗ ವಿಭಾಗದ ಮಿತಿಗಿಂತ 5%ಕ್ಕಿಂತ ಹೆಚ್ಚಿರಬಾರದು. 48 ಕೆಜಿಯವರಿಗೆ ಅದು 50.4, 60 ಕೆಜಿಯವರಿಗೆ 63, 73 ಕೆಜಿಯವರಿಗೆ 76.65. ಈ ನಿಯಮ ಇಲ್ಲದಿದ್ದರೆ ಆರೇಳು ಕೆಜಿ ನೀರು ಹಿಂಡಿ ತಕ್ಕಡಿ ಹತ್ತಿ, ರಾತ್ರಿ ಅಷ್ಟನ್ನೂ ತುಂಬಿಕೊಂಡು ಬರುವವರೇ ಹೆಚ್ಚಾಗುತ್ತಿದ್ದರು. ಹಾಗಾಗಿ ಲೆಕ್ಕ ಹಿಂದಿನಿಂದ ಹಾಕಬೇಕು. 73 ಕೆಜಿಯ ಆಟಗಾರ ದಿನನಿತ್ಯ 76ರ ಆಸುಪಾಸಿನಲ್ಲಿದ್ದರೆ ಕ್ಷೇಮ. 79ರಿಂದ ಇಳಿಯುವವನು ತೂಕ ಕೊಟ್ಟ ರಾತ್ರಿ ಹಸಿದ ಹೊಟ್ಟೆಗೆ ಸಿಕ್ಕಿದ್ದೆಲ್ಲ ತುಂಬಿಕೊಂಡರೆ ಬೆಳಿಗ್ಗೆ ಸಿಕ್ಕಿಬೀಳುತ್ತಾನೆ. ತಡೆದುಕೊಂಡರೆ, ಒಣಗಿದ ಮೈಯಲ್ಲೇ ಮ್ಯಾಟ್ ಹತ್ತುತ್ತಾನೆ, ಮೂರನೇ ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ. ಫೆಬ್ರವರಿಯ ಪ್ಯಾರಿಸ್ ಚಳಿಯೂ ಸೇರಿಕೊಳ್ಳುತ್ತದೆ. ನಮ್ಮ ಬಿಸಿಲಲ್ಲಿ ಎರಡು ಸ್ವೆಟರ್ ಹಾಕಿ ಓಡಿದರೆ ಇಳಿಯುವಷ್ಟು ಬೆವರು ಅಲ್ಲಿ ಹೊರಗೆ ಓಡಿದರೆ ಇಳಿಯುವುದಿಲ್ಲ. ಕೊನೆಯ ಒಂದು ಕೆಜಿಯನ್ನು ಪ್ಯಾರಿಸ್ಸಿನಲ್ಲಿ ಇಳಿಸುತ್ತೇನೆ ಎಂದು ಹೊರಟವರು ತಪ್ಪು ಲೆಕ್ಕ ಹಾಕಿದಂತೆಯೇ.

ಮುಂದಿನದು ಜೂಡೋಗಿ, ಅಂದರೆ ಉಡುಪು. ಮೊದಲು ಕರೆಯಲ್ಪಟ್ಟವರಿಗೆ ಬಿಳಿ, ಎರಡನೆಯವರಿಗೆ ನೀಲಿ. ನೀಲಿ ಬೇಕೆಂದು ಹೋರಾಡಿದವರು ನೆದರ್ಲೆಂಡ್ಸ್‌ನ ಆಂಟನ್ ಗೀಸಿಂಕ್. 1961ರಲ್ಲಿ ಇದೇ ಪ್ಯಾರಿಸ್ಸಿನಲ್ಲಿ ವಿಶ್ವ ಚಾಂಪಿಯನ್ ಆಗಿ ಜಪಾನಿನ ಏಕಸ್ವಾಮ್ಯ ಮುರಿದವರೂ ಅವರೇ. ಎರಡೂ ಬಣ್ಣದ ಉಡುಪು ಚೀಲದಲ್ಲಿರಲೇಬೇಕು. ಡ್ರಾದಲ್ಲಿ ಯಾವ ಪಂದ್ಯಕ್ಕೆ ಯಾವುದು ಬರುತ್ತದೋ ಅದು. ರಕ್ತದ ಕಲೆಯಾದರೆ ಬದಲಿಸಬೇಕಾದೀತು, ಆದ್ದರಿಂದ ಒಂದೊಂದು ಜೊತೆ ಹೆಚ್ಚೇ ಇಟ್ಟುಕೊಳ್ಳುವುದು ವಾಸಿ.

ಪ್ರತಿ ಪಂದ್ಯಕ್ಕೂ ಮುಂಚೆ ಉಡುಪಿನ ತಪಾಸಣೆ ಇರುತ್ತದೆ. ಸೊಕುತೇಕಿ ಎಂಬ ಅಳತೆಯ ಸಾಧನವನ್ನು ತೋಳಿನ ಮೇಲೆ ಆಡಿಸಿ ಸಡಿಲ ಎಷ್ಟಿದೆ ನೋಡುತ್ತಾರೆ. ಕೈ ಮುಂದೆ ಚಾಚಿದಾಗ ತೋಳು ಮಣಿಕಟ್ಟಿನವರೆಗೆ ಬರಬೇಕು. ಷರಾಯಿ ಪಾದದ ಗಿಣ್ಣಿನಿಂದ 5 ಸೆಂ.ಮೀ.ಗಿಂತ ಮೇಲಿರಬಾರದು. ಕೊರಳಪಟ್ಟಿಯ ದಪ್ಪ 1 ಸೆಂ.ಮೀ. ಮೀರಬಾರದು. ಗಂಟು ಹಾಕಿದ ಮೇಲೆ ಬೆಲ್ಟಿನ ತುದಿ 20ರಿಂದ 30 ಸೆಂ.ಮೀ. ಉಳಿಯಬೇಕು. ಫೆಡರೇಶನ್ನಿನ ಅನುಮೋದನೆಯ ಲೇಬಲ್ ಇರಬೇಕು. ಹೆಂಗಸರು ಒಳಗೆ ಬಿಳಿ ಟೀ ಶರ್ಟ್ ತೊಡಬೇಕು. ಉಗುರು ಕತ್ತರಿಸಿರಬೇಕು, ಕೂದಲು ಕಟ್ಟುವ ಬ್ಯಾಂಡಿನಲ್ಲಿ ಲೋಹ ಇರಕೂಡದು.

ಇಷ್ಟೊಂದು ಕಟ್ಟುನಿಟ್ಟು ಯಾಕೆಂದರೆ ಜೂಡೋದಲ್ಲಿ ಬಟ್ಟೆಯೇ ಹಿಡಿಕೆ. ನಮ್ಮ ಮಟ್ಟಿ ಕುಸ್ತಿಯಲ್ಲಿ ಬೆವರಿದ ಮೈಯನ್ನೇ ಹಿಡಿಯಬೇಕು, ಇಲ್ಲಿ ತೋಳು ಮತ್ತು ಕೊರಳಪಟ್ಟಿ ಹಿಡಿಯುತ್ತಾರೆ. ತೋಳು ಎರಡು ಬೆರಳು ಗಿಡ್ಡವಾದರೆ, ಕೊರಳಪಟ್ಟಿ ದಪ್ಪವಾಗಿ ಗಡುಸಾಗಿದ್ದರೆ ಎದುರಾಳಿಗೆ ಹಿಡಿತವೇ ಸಿಗುವುದಿಲ್ಲ. ತಪಾಸಣೆಯಲ್ಲಿ ಉಡುಪು ಅನುತ್ತೀರ್ಣವಾದರೆ ಅಲ್ಲೇ ಇಟ್ಟಿರುವ ಬದಲಿ ಉಡುಪು ಕೊಡುತ್ತಾರೆ, ಆದರೆ ಆ ಪಂದ್ಯಕ್ಕೆ ಕೋಚ್ ಕುರ್ಚಿಯಲ್ಲಿ ಕೂರುವಂತಿಲ್ಲ. ಬೇರೆಯವರ ಅಳತೆಯ ಅಂಗಿ, ಮೂಲೆಯಲ್ಲಿ ಖಾಲಿ ಕುರ್ಚಿ. ಪಂದ್ಯ ಶುರುವಾಗುವ ಮುಂಚೆಯೇ ಅರ್ಧ ಸೋತ ಹಾಗೆ.

ಈ ತಪ್ಪಿನ ಮೂಲ ಬಹುತೇಕ ಒಗೆಯುವ ಕಲ್ಲಿನ ಹತ್ತಿರ ಇರುತ್ತದೆ. ಜೂಡೋಗಿ ದಪ್ಪ ಹತ್ತಿಯದು. ಬಿಸಿನೀರಿನಲ್ಲಿ ಒಗೆದು ಸುಡುಬಿಸಿಲಿಗೆ ಹಾಕಿದರೆ ಕುಗ್ಗುತ್ತದೆ, ಅದೂ ಮೊದಲ ಮೂರು ನಾಲ್ಕು ಒಗೆತದಲ್ಲೇ ಹೆಚ್ಚು. ಹೊಸದರಲ್ಲಿ ಸರಿಯಾಗಿದ್ದ ತೋಳು ಕೂಟದ ಹೊತ್ತಿಗೆ ಮಣಿಕಟ್ಟು ಬಿಟ್ಟು ಮೇಲೆ ಬಂದಿರುತ್ತದೆ. ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ, ಕೆಲವು ಒಗೆತ ಆದ ಮೇಲೆ ಮತ್ತೆ ಅಳತೆ ನೋಡಿ, ಆಮೇಲೆಯೇ ಕೂಟದ ಚೀಲಕ್ಕೆ ಹಾಕಬೇಕು. ಕೂಟಕ್ಕೆಂದು ಕಪಾಟಿನಲ್ಲಿ ಜೋಪಾನವಾಗಿಟ್ಟ, ಒಮ್ಮೆಯೂ ಒಗೆಯದ ಹೊಸ ಅಂಗಿಯೂ ಒಳ್ಳೆಯದಲ್ಲ. ಅದು ಗಡುಸಾಗಿ ಕುತ್ತಿಗೆ ಉಜ್ಜುತ್ತದೆ.

ಡ್ರಾದ ಲೆಕ್ಕ ಸರಳ. ಪ್ರತಿ ವಿಭಾಗದಲ್ಲಿ ಒಂದು ದೇಶದಿಂದ ಇಬ್ಬರು, ಆತಿಥೇಯ ದೇಶಕ್ಕೆ ನಾಲ್ವರು. ಅಂದರೆ ಬೆರ್ಸಿಯಲ್ಲಿ ಪ್ರತಿ ವಿಭಾಗದಲ್ಲೂ ನಾಲ್ಕು ಜನ ಫ್ರೆಂಚರು ಇರಬಹುದು, ಅವರ ಹಿಂದೆ ತುಂಬಿದ ಗ್ಯಾಲರಿ ಇರುತ್ತದೆ. ವಿಶ್ವ ರ‍್ಯಾಂಕಿಂಗ್‌ನ ಪ್ರಕಾರ ಮೊದಲ ಎಂಟು ಮಂದಿಯನ್ನು ಪರಸ್ಪರ ಬೇಗ ಎದುರಾಗದಂತೆ ನಾಲ್ಕು ಗುಂಪುಗಳಲ್ಲಿ ಹಂಚುತ್ತಾರೆ. ಒಂದು ವಿಭಾಗದಲ್ಲಿ 40 ಜನ ಇದ್ದಾರೆ ಎಂದುಕೊಳ್ಳಿ. ಪಟ್ಟಿ 64ರದ್ದು, ಆದ್ದರಿಂದ 24 ಮಂದಿಗೆ ಮೊದಲ ಸುತ್ತು ಬೈ, ಅಂದರೆ ಆಡದೆಯೇ ಎರಡನೇ ಸುತ್ತು; ಉಳಿದ 16 ಮಂದಿ 8 ಪಂದ್ಯ ಆಡುತ್ತಾರೆ. ಬೈ ಸಿಕ್ಕವರು ಐದು ಪಂದ್ಯ ಗೆದ್ದರೆ ಚಿನ್ನ, ಸಿಗದವರು ಆರು ಗೆಲ್ಲಬೇಕು. ಆ ಒಂದು ಹೆಚ್ಚುವರಿ ಪಂದ್ಯ ಸಂಜೆಯ ಹೊತ್ತಿಗೆ ತೊಡೆಯಲ್ಲಿ ಗೊತ್ತಾಗುತ್ತದೆ.

ಸೋತವರಿಗೆಲ್ಲ ಎರಡನೇ ಅವಕಾಶ ಇಲ್ಲ. ಕ್ವಾರ್ಟರ್‌ಫೈನಲ್‌ನಲ್ಲಿ ಸೋತ ನಾಲ್ವರಿಗೆ ಮಾತ್ರ ರೆಪೆಚೇಜ್. ಅದರಲ್ಲಿ ಗೆದ್ದ ಇಬ್ಬರು, ಸೆಮಿಫೈನಲ್‌ನಲ್ಲಿ ಸೋತ ಇಬ್ಬರೊಡನೆ ಎರಡು ಕಂಚಿಗೆ ಸೆಣಸುತ್ತಾರೆ. ಹೀಗೆ 40 ಜನರ ವಿಭಾಗಕ್ಕೆ ಒಟ್ಟು 43 ಪಂದ್ಯ, ಒಂದು ದಿನದ ಏಳು ವಿಭಾಗಕ್ಕೆ 301. ರೆಪೆಚೇಜ್, ಸೆಮಿಫೈನಲ್, ಕಂಚು, ಫೈನಲ್ ಸೇರಿ 49ನ್ನು ಬದಿಗಿಟ್ಟರೆ 252 ಉಳಿಯುತ್ತವೆ. ನಾಲ್ಕು ಮ್ಯಾಟ್‌ಗೆ ಹಂಚಿದರೆ ಒಂದೊಂದಕ್ಕೆ 63, ಬರುವುದು ಹೋಗುವುದು ಸೇರಿ ಸರಾಸರಿ 5 ನಿಮಿಷ ಹಿಡಿದರೂ ಐದೂಕಾಲು ಗಂಟೆ. ತಮ್ಮವರ ಪಂದ್ಯ ಯಾವಾಗ ಎಂದು ಕೇಳುವವರಿಗೆ ಇದೇ ಸೂತ್ರ: ಮ್ಯಾಟಿನ ಸಂಖ್ಯೆ ಮತ್ತು ಪಂದ್ಯದ ಕ್ರಮಸಂಖ್ಯೆ ನೋಡಿ, ಐದರಿಂದ ಗುಣಿಸಿ. ಫೆಬ್ರವರಿಯಲ್ಲಿ ನಮ್ಮ ಗಡಿಯಾರ ಪ್ಯಾರಿಸ್ಸಿಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಸಂಜೆ ಐದಕ್ಕೆ ಆಡಿದ್ದು ನಮಗೆ ರಾತ್ರಿ ಒಂಬತ್ತೂವರೆ.

ಇನ್ನು ಮ್ಯಾಟಿನ ಮೇಲೆ. ರೆಫರಿ "ಹಜಿಮೆ" ಅಂದರೆ ಶುರು. "ಮತ್ತೆ" ಅಂದರೆ ನಿಲ್ಲಿ. ಕನ್ನಡದ ಕಿವಿಗೆ ಈ ಪದ ತದ್ವಿರುದ್ಧವಾಗಿ ಕೇಳಿಸುತ್ತದೆ, ಹೊಸದಾಗಿ ಕಲಿಯುವ ನಮ್ಮ ಮಕ್ಕಳು ಇದರಲ್ಲಿ ಎಡವುವುದುಂಟು. ಕೋಚ್ ಮಾತಾಡಬಹುದಾದದ್ದು ಈ ಮತ್ತೆಯ ಬಿಡುವಿನಲ್ಲಿ ಮಾತ್ರ. ಆಟ ಸಾಗುತ್ತಿರುವಾಗ ಕೂಗಿದರೆ ಕುರ್ಚಿಯಿಂದ ಎಬ್ಬಿಸುತ್ತಾರೆ.

ಇಪ್ಪೋನ್ ಎಂದರೆ ಪಂದ್ಯ ಮುಗಿಯಿತು. ಎಸೆತದಲ್ಲಿ ನಾಲ್ಕು ಗುಣ ಇರಬೇಕು: ವೇಗ, ಬಲ, ಬೆನ್ನಿನ ಮೇಲೆ ಬೀಳಿಸುವುದು, ಬೀಳುವವರೆಗೂ ಹತೋಟಿ. ಕುಸ್ತಿಯ ಚಿತ್‌ಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇದೆ. ಚಿತ್ ಮಾಡಲು ಎರಡೂ ಭುಜ ನೆಲಕ್ಕೆ ತಾಗಿಸಿದರೆ ಸಾಕು, ಇಲ್ಲಿ ಬಿದ್ದ ರೀತಿಯೇ ಮುಖ್ಯ. ನಿಧಾನಕ್ಕೆ ಉರುಳಿಸಿ ಮಲಗಿಸಿದರೆ ಇಪ್ಪೋನ್ ಸಿಗುವುದಿಲ್ಲ. ಒಂದೆರಡು ಗುಣ ಕಡಿಮೆಯಾದರೆ, ಅಥವಾ ಪಕ್ಕೆಯ ಮೇಲೆ ಬಿದ್ದರೆ ವಾಜಾ-ಅರಿ, ಅಂಥವು ಎರಡಾದರೆ ಇಪ್ಪೋನ್. ಅದಕ್ಕೂ ಕಡಿಮೆಯದು ಯುಕೋ. ಅದನ್ನು 2017ರಲ್ಲಿ ತೆಗೆದುಹಾಕಿದ್ದರು, 2025ರಿಂದ ಮತ್ತೆ ತಂದಿದ್ದಾರೆ. ಎಷ್ಟು ಯುಕೋ ಕೂಡಿಸಿದರೂ ಒಂದು ವಾಜಾ-ಅರಿಗೆ ಸಮವಲ್ಲ. ರೆಫರಿಯ ಕೈ ನೋಡಿದರೆ ಎಲ್ಲ ಗೊತ್ತಾಗುತ್ತದೆ. ನೇರ ಮೇಲಕ್ಕೆ ಹೋದರೆ ಇಪ್ಪೋನ್, ಭುಜದ ಮಟ್ಟಕ್ಕೆ ಅಡ್ಡ ಚಾಚಿದರೆ ವಾಜಾ-ಅರಿ, ಓರೆಯಾಗಿ ಕೆಳಗಿದ್ದರೆ ಯುಕೋ. ನೆಲದ ಮೇಲೆ ಒತ್ತಿ ಹಿಡಿದರೆ ಲೆಕ್ಕ ಸೆಕೆಂಡಿನದು: 20 ಆದರೆ ಇಪ್ಪೋನ್, 10 ದಾಟಿದರೆ ವಾಜಾ-ಅರಿ, 5 ದಾಟಿದರೆ ಯುಕೋ. ಕತ್ತು ಅದುಮಿದಾಗ ಅಥವಾ ಮೊಣಕೈ ಕೀಲಿಗೆ ಪಟ್ಟು ಹಾಕಿದಾಗ ಎದುರಾಳಿ ಎರಡು ಸಲ ತಟ್ಟಿದರೆ ಸೋಲು ಒಪ್ಪಿಕೊಂಡಂತೆ. ಕೀಲಿನ ಪಟ್ಟು ಮೊಣಕೈಗೆ ಮಾತ್ರ, ಬೇರೆ ಯಾವ ಕೀಲಿಗೂ ಇಲ್ಲ. ಕೈಯಿಂದ ಕಾಲು ಹಿಡಿದು ಎಸೆಯುವುದನ್ನು 2010ರಲ್ಲಿ ಮಿತಿಗೊಳಿಸಿ 2013ರಲ್ಲಿ ಪೂರ್ತಿ ನಿಷೇಧಿಸಿದರು. ಕುಸ್ತಿಯಿಂದ ಜೂಡೋಗೆ ಬರುವವರ ಕೈ ಹಳೆಯ ಅಭ್ಯಾಸದಿಂದ ತೊಡೆಯ ಕಡೆ ಹೋಗುತ್ತದೆ, ಅದನ್ನು ಬಿಡಿಸುವುದೇ ಮೊದಲ ವರ್ಷದ ಕೆಲಸ.

ನೋಡುವವರ ಕಣ್ಣು ಎಸೆತದ ಮೇಲೆ ಇರುತ್ತದೆ. ನನ್ನ ಮಟ್ಟಿಗೆ ಪಂದ್ಯ ಓದಬೇಕಾದದ್ದು ಹಿಡಿತದಲ್ಲಿ. ಬಲಗೈ ಆಟಗಾರ ಎಡಗೈಯಲ್ಲಿ ಎದುರಾಳಿಯ ತೋಳು, ಬಲಗೈಯಲ್ಲಿ ಕೊರಳಪಟ್ಟಿ ಹಿಡಿಯುತ್ತಾನೆ. ಇಬ್ಬರೂ ಬಲಗೈಯವರಾದರೆ ಇಬ್ಬರ ಹಿಡಿತವೂ ಒಂದೇ ಬಗೆಯದು, ತೋಳು ಮೊದಲು ಕಟ್ಟಿಹಾಕಿದವರು ಮೇಲು. ಒಬ್ಬರು ಬಲ, ಇನ್ನೊಬ್ಬರು ಎಡವಾದರೆ ಕೊರಳಪಟ್ಟಿಯ ಕೈಗಳೆರಡೂ ಒಂದೇ ಬದಿಯಲ್ಲಿ ಕಾದಾಡುತ್ತವೆ. ಆಗ ಯಾರ ಮೊಣಕೈ ಒಳಗಿದೆ, ಯಾರದು ಮೇಲಿನಿಂದ ಬಂದಿದೆ ಎಂದು ನೋಡಬೇಕು. ಮೇಲಿನಿಂದ ಬೆನ್ನಿನವರೆಗೆ ಹಿಡಿದವನು ಎದುರಾಳಿಯ ತಲೆ ಬಗ್ಗಿಸುತ್ತಾನೆ, ತಲೆ ಬಗ್ಗಿದವನು ಮುಂದೆ ಎಸೆಯಲಾರ. ಉಚಿಮಾತಾ, ಅಂದರೆ ಎದುರಾಳಿಯ ಒಳತೊಡೆಗೆ ಕಾಲು ಹಾಕಿ ಎತ್ತುವ ಎಸೆತ, ಬರುವ ಮುಂಚೆ ತೋಳಿನ ಕೈ ಹೊರಕ್ಕೆ ಮೇಲಕ್ಕೆ ಎಳೆಯುತ್ತದೆ. ಆ ಎಳೆತ ಇಲ್ಲದ ಉಚಿಮಾತಾ ಬರೀ ಕಾಲೆತ್ತಿದಂತೆ. ಸೆಯೊಇ ನಾಗೆಗೆ, ಅಂದರೆ ಬೆನ್ನ ಮೇಲೆ ಹೇರಿ ಎಸೆಯುವುದಕ್ಕೆ, ಎದುರಾಳಿಯ ಎದೆ ತನ್ನ ಬೆನ್ನಿಗೆ ಅಂಟಬೇಕು, ನಡುವೆ ಒಂದು ಗೇಣು ಬಿಟ್ಟರೂ ಅವನು ಸೊಂಟ ಕೆಳಗಿಳಿಸಿ ನಿಂತುಬಿಡುತ್ತಾನೆ.

ಅಲ್ಲೇ ಒಂದು ದೊಡ್ಡ ಸೋರಿಕೆ ಇದೆ. ಅರೆಬರೆ ಸೆಯೊಇಗೆ ಮೊಣಕಾಲೂರಿ ಕುಳಿತವರು, ಎಸೆತ ಫಲಿಸದೆ ಆಮೆಯಂತೆ ಮುದುಡಿ "ಮತ್ತೆ"ಗೆ ಕಾಯುತ್ತಾರೆ. ಜಪಾನಿಯರು, ಫ್ರೆಂಚರು ಆ ಎರಡು ಸೆಕೆಂಡಿಗಾಗಿಯೇ ಕಾದಿರುತ್ತಾರೆ. ಬೆಲ್ಟು ಹಿಡಿದು ಮಗುಚಿ ಒತ್ತಿಬಿಟ್ಟರೆ 20 ಸೆಕೆಂಡು ಬಹಳ ಹೊತ್ತಲ್ಲ. ಎದುರಾಳಿಯ ಕಾಲನ್ನು ತನ್ನ ಎರಡು ಕಾಲ ನಡುವೆ ಸಿಕ್ಕಿಸಿಕೊಂಡರೆ ಒತ್ತುಹಿಡಿತ ಬಿಟ್ಟಂತಾಗುತ್ತದೆ, ರೆಫರಿ "ತೋಕೇತಾ" ಅನ್ನುತ್ತಾರೆ. ಆ ಕಾಲು ಸಿಕ್ಕಿಸುವ ಅಭ್ಯಾಸಕ್ಕೆ ನಿಂತು ಆಡುವ ಅಭ್ಯಾಸದಷ್ಟೇ ಸಮಯ ಕೊಡಬೇಕು.

ಶಿಡೋ ಅಂದರೆ ದಂಡ. ಮೂರಾದರೆ ಸೋಲು. ದಾಳಿ ಮಾಡದೆ ಕಾಲ ಕಳೆದರೆ, ಸುಳ್ಳು ದಾಳಿ ಮಾಡಿದರೆ, ಹಿಡಿತ ತಪ್ಪಿಸಿಕೊಳ್ಳುತ್ತಲೇ ಇದ್ದರೆ, ಎರಡೂ ಕಾಲು ಗೆರೆಯ ಆಚೆ ಇಟ್ಟರೆ ಶಿಡೋ ಬೀಳುತ್ತದೆ. ಎದುರಾಳಿಯನ್ನು ಬೇಕೆಂದೇ ಹೊರಗೆ ತಳ್ಳಿದರೆ ತಳ್ಳಿದವರಿಗೆ. ಅಂಗಿ ಸರಿಮಾಡಿಕೊಳ್ಳಲು, ಜಡೆ ಕಟ್ಟಿಕೊಳ್ಳಲು ಒಮ್ಮೆ ಬಿಡುತ್ತಾರೆ, ಅದೇ ನೆಪದಲ್ಲಿ ಉಸಿರು ತೆಗೆದುಕೊಳ್ಳಲು ಹೋದರೆ ಎರಡನೇ ಸಲಕ್ಕೆ ಶಿಡೋ. ಇದಕ್ಕಾಗಿ ಬೆಳಿಗ್ಗೆಯೇ ಜಡೆಯನ್ನು ಬಿಗಿಯಾಗಿ ಹೆಣೆದುಕೊಂಡು ಬರುವುದು ಜಾಣತನ. ಉಚಿಮಾತಾದಲ್ಲಿ ತಲೆಯನ್ನು ಮ್ಯಾಟಿಗೆ ಗುದ್ದುವಂತೆ ಮುಂದಕ್ಕೆ ಹಾರಿದರೆ ಶಿಡೋ ಲೆಕ್ಕವೇ ಇಲ್ಲ, ನೇರ ಹನ್ಸೊಕು-ಮಾಕೆ, ಅಂದರೆ ಅನರ್ಹತೆ. ಕುತ್ತಿಗೆ ಉಳಿಸಲು ಮಾಡಿದ ನಿಯಮ ಅದು, ಸರಿಯಾದ್ದೇ. ಒಂದೇ ಗಾಯದಿಂದ ರಕ್ತ ಬರುತ್ತಿದ್ದರೆ ಎರಡು ಸಲ ಕಟ್ಟಿ ಆಡಿಸುತ್ತಾರೆ, ಮೂರನೇ ಸಲ ಬಂದರೆ ಪಂದ್ಯ ಅಲ್ಲಿಗೆ ಮುಗಿಯಿತು. ಮೂಗಿನ ರಕ್ತದಿಂದ ಸೋತವರೂ ಇದ್ದಾರೆ, ಹಾಗಾಗಿ ಮೊದಲ ಸಲವೇ ಗಟ್ಟಿಯಾಗಿ ಹತ್ತಿ ತುಂಬಿಸಿಕೊಳ್ಳಬೇಕು.

ನಾಲ್ಕು ನಿಮಿಷ ಮುಗಿದಾಗ ಅಂಕ ಸಮವಾಗಿದ್ದರೆ ಗೋಲ್ಡನ್ ಸ್ಕೋರ್. ಒಬ್ಬರಿಗೆ ಎರಡು ಶಿಡೋ, ಇನ್ನೊಬ್ಬರಿಗೆ ಒಂದೂ ಇಲ್ಲದಿದ್ದರೂ ಅದು ಅಂಕವಲ್ಲ, ಆಟ ಮುಂದುವರಿಯುತ್ತದೆ. ಇದಕ್ಕೆ ಕಾಲಮಿತಿ ಇಲ್ಲ. ಮೊದಲ ಅಂಕ ಪಡೆದವರು ಗೆಲ್ಲುತ್ತಾರೆ, ಅಥವಾ ಮೂರನೇ ಶಿಡೋ ಬಿದ್ದವರು ಸೋಲುತ್ತಾರೆ. ಬೆರ್ಸಿಯ ಅತಿ ದೊಡ್ಡ ನಿಶ್ಶಬ್ದ ಇಂಥ ಹೊತ್ತಿನಲ್ಲೇ ಬಂದದ್ದು. 2020ರ ಫೆಬ್ರವರಿ 9ರಂದು ಫ್ರಾನ್ಸಿನ ಟೆಡಿ ರಿನೇರ್ ಮೂರನೇ ಸುತ್ತಿನಲ್ಲಿ ಜಪಾನಿನ ಕಗೆಉರಾ ಕೊಕೊರೊ ಅವರಿಗೆ ಗೋಲ್ಡನ್ ಸ್ಕೋರ್‌ನಲ್ಲಿ ವಾಜಾ-ಅರಿ ಬಿಟ್ಟುಕೊಟ್ಟರು. 2010ರಿಂದ ಸತತ 154 ಪಂದ್ಯ ಗೆದ್ದಿದ್ದ ಸರಣಿ ತವರಿನ ಮ್ಯಾಟಿನ ಮೇಲೆ ಮುರಿಯಿತು. ಆ ಪಂದ್ಯದ ದೃಶ್ಯ ಸಿಕ್ಕರೆ ಎಸೆತವನ್ನು ಬಿಟ್ಟು ಅದರ ಹಿಂದಿನ ಹಿಡಿತಗಳನ್ನೇ ನೋಡಿ.

ಗೆದ್ದವರಿಗೆ ಸಿಗುವುದು 1000 ರ‍್ಯಾಂಕಿಂಗ್ ಅಂಕ. ಬೆಳ್ಳಿಗೆ 700, ಕಂಚಿಗೆ 500, ಐದನೇ ಸ್ಥಾನಕ್ಕೆ 360, ಏಳಕ್ಕೆ 260. ಈ ಅಂಕ ಮೊದಲ 12 ತಿಂಗಳು ಪೂರ್ತಿ, ನಂತರದ 12 ತಿಂಗಳು ಅರ್ಧ, ಆಮೇಲೆ ಸೊನ್ನೆ. 2024ರ ಒಲಿಂಪಿಕ್ಸ್‌ಗೆ ಪ್ರತಿ ವಿಭಾಗದಿಂದ ನೇರ ಅರ್ಹತೆ ಪಡೆದದ್ದು 17 ಮಂದಿ, ದೇಶಕ್ಕೆ ಒಬ್ಬರಂತೆ. ಭಾರತದ ತುಲಿಕಾ ಮಾನ್ 78 ಕೆಜಿ ಮೀರಿದ ವಿಭಾಗದಲ್ಲಿ ಖಂಡದ ಕೋಟಾದಿಂದ ಹೋದರು, ಮೊದಲ ಪಂದ್ಯದಲ್ಲೇ ಕ್ಯೂಬಾದ ಇಡಾಲಿಸ್ ಒರ್ಟಿಸ್ ಎದುರಾದರು. ಒರ್ಟಿಸ್ 2012ರ ಒಲಿಂಪಿಕ್ ಚಾಂಪಿಯನ್. ರ‍್ಯಾಂಕಿಂಗ್‌ನಲ್ಲಿ ಕೆಳಗಿರುವವರಿಗೆ ಡ್ರಾ ಕೊಡುವುದು ಇಂಥವರನ್ನೇ. ಅಂಕ ಇಲ್ಲದಿದ್ದರೆ ಶ್ರೇಯಾಂಕ ಇಲ್ಲ, ಶ್ರೇಯಾಂಕ ಇಲ್ಲದಿದ್ದರೆ ಮೊದಲ ಸುತ್ತಿನಲ್ಲೇ ಘಟಾನುಘಟಿ, ಅಲ್ಲಿ ಸೋತರೆ ಮತ್ತೆ ಅಂಕ ಇಲ್ಲ. ಸುಶೀಲಾ ದೇವಿ ಲಿಕ್ಮಾಬಮ್ ಅವರಂಥ ಎರಡು ಸಲ ಕಾಮನ್‌ವೆಲ್ತ್ ಬೆಳ್ಳಿ ಗೆದ್ದವರೂ ಈ ಸುಳಿಯಲ್ಲೇ ಈಜಿದವರು.

ಈ ಸುಳಿಯಿಂದ ಹೊರಬರುವ ದಾರಿ ಕಿರಿಯರ ಮಟ್ಟದಲ್ಲಿ ಕಾಣುತ್ತಿದೆ, ಅದೂ ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಡೆಯಿಂದ. ಅಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಜಾರ್ಜಿಯಾದ ಕೋಚ್ ಮಮುಕಾ ಕಿಜಿಲಾಶ್ವಿಲಿ ಅವರ ಕೈಕೆಳಗೆ ಪಳಗಿದ ಮಣಿಪುರದ ಲಿಂತೋಯಿ ಚನಂಬಮ್ 2022ರಲ್ಲಿ ಸಾರಾಯೆವೊದಲ್ಲಿ 57 ಕೆಜಿ ವಿಭಾಗದ ಕೆಡೆಟ್, ಅಂದರೆ 18 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದರು. ಯಾವ ವಯೋಮಟ್ಟದಲ್ಲೇ ಆಗಲಿ ಜೂಡೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು.

ಬೆರ್ಸಿಗೆ ಹೋಗುವ ನಮ್ಮವರಿಗೆ ಕೂಟಕ್ಕಿಂತ ಹೆಚ್ಚು ಉಪಯೋಗ, ನನ್ನ ಪ್ರಕಾರ, ಅದರ ಬೆನ್ನಿಗೇ ನಡೆಯುವ ತರಬೇತಿ ಶಿಬಿರದ್ದು. ಮೊದಲ ಸುತ್ತಿನಲ್ಲಿ ಸೋತರೆ ಕೂಟದಲ್ಲಿ ಸಿಕ್ಕಿದ್ದು ಹೆಚ್ಚೆಂದರೆ ನಾಲ್ಕೈದು ನಿಮಿಷದ ಅನುಭವ. ಶಿಬಿರದಲ್ಲಿ ಅದೇ ಎದುರಾಳಿಗಳ ಜೊತೆ ದಿನಕ್ಕೆ ಎರಡು ಹೊತ್ತು ರಾಂದೊರಿ, ಅಂದರೆ ಮುಕ್ತ ಅಭ್ಯಾಸದ ಸೆಣಸಾಟ. ಅಲ್ಲಿ ಕರೆಗೆ ಕಾಯುತ್ತ ಗೋಡೆಗೊರಗಿ ನಿಲ್ಲಬಾರದು, ಬೇಕಾದವರ ಎದುರು ಹೋಗಿ ಬಾಗಿ ಕೇಳಬೇಕು. ಮೊದಲ ದಿನ ಎಡಗೈ ಆಟಗಾರರನ್ನೇ ಆರಿಸಿ, ಪ್ರತಿ ಸುತ್ತು ಮುಗಿದಾಗ ಯಾವ ಹಿಡಿತಕ್ಕೆ ಬಿದ್ದೆ ಎಂದು ಒಂದು ಸಾಲು ಬರೆದಿಟ್ಟುಕೊಳ್ಳಬೇಕು. ಹಿಂದಿರುಗುವ ಟಿಕೆಟ್ ತೆಗೆಸುವಾಗ ಭಾನುವಾರ ರಾತ್ರಿಯ ವಿಮಾನ ಬೇಡ, ಶಿಬಿರ ಮುಗಿಯುವ ದಿನದ್ದು ತೆಗೆಸಿ.